ಚುಕ್ಕಿಗೊಂದು ಜಗಲಿ

ಬಂಗಾರಪೇಟೆಯ ಶಾಲೆಯೊಂದರಲ್ಲಿ ನಾನು ಕಲಿಸುವ ವಿಷಯಕ್ಕೆ ಡಿಸೈನ್ ಅಂಡ್ ಟೆಕ್ನಾಲಜಿ ಅಂತ ಹೆಸರು. ಅದೇನು ಅಂತ ಕೇಳಿದವರಿಗೆಲ್ಲ ಬಿಡಿಸಿ ಹೇಳಿ ಸಾಕಾಗಿ ಈಗೀಗ 'ಕ್ರಾಫ್ಟ್ ಟೀಚರ್' ಅಂದುಬಿಡುತ್ತೇನೆ. ಒಂದು ವಸ್ತುವನ್ನು ಯಾವುದರಿಂದ ಮಾಡಬೇಕು, ಹೇಗೆ ಮಾಡಬೇಕು, ಅದು ಯಾಕೆ ಹಾಗೇ ಕಾಣಬೇಕು, ಇಷ್ಟೇ ಪಾಠ. ಮೊದಲು ಮರ, ಲೋಹ, ಪ್ಲಾಸ್ಟಿಕ್ಕುಗಳ ಗುಣ. ಆಮೇಲೆ ಕೊಯ್ಯುವುದು, ಬಗ್ಗಿಸುವುದು, ಎರಕ ಹೊಯ್ಯುವುದು. ಕೊನೆಗೆ ವಿನ್ಯಾಸದ ಚಳವಳಿಗಳು. ಈ ಕೊನೆಯ ಪಾಠ ಬಂದಾಗ ನಾನು ಗೋಡೆಯ ಮೇಲೆ ಪರದೇಶದ ಕುರ್ಚಿಗಳನ್ನು ತೋರಿಸುತ್ತೇನೆ. ಜರ್ಮನಿಯ ಬೌಹೌಸ್ ಶಾಲೆಯವರು ನೂರು ವರ್ಷದ ಹಿಂದೆ ಸ್ಟೀಲಿನ ಕೊಳವೆ ಬಗ್ಗಿಸಿ ಮಾಡಿದ ಕುರ್ಚಿ ತೋರಿಸಿದರೆ, ಇದು ಹಲ್ಲು ಡಾಕ್ಟರ ಹತ್ತಿರ ಇದೆ ಮಿಸ್ ಎನ್ನುತ್ತವೆ ಮಕ್ಕಳು. ಇಟಲಿಯ ಮೆಂಫಿಸ್ ಗುಂಪಿನವರ ಬಣ್ಣಬಣ್ಣದ ಕಪಾಟು ತೋರಿಸಿದರೆ ಗಣೇಶನ ಪೆಂಡಾಲು ಅಂತ ನಗುತ್ತವೆ. ನನಗೂ ಹಾಗೇ ಅನ್ನಿಸುತ್ತದೆ, ಆದರೆ ಸಂಬಳ ತೆಗೆದುಕೊಳ್ಳುವವಳು ಕ್ಲಾಸಿನಲ್ಲಿ ನಗಬಾರದು.

ಆ ಚಳವಳಿಯವರೆಲ್ಲ ಒಬ್ಬರನ್ನೊಬ್ಬರು ಬೈದುಕೊಂಡೇ ದೊಡ್ಡವರಾದರು. ಅವರ ಮಾತುಗಳಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಒಂದೇ: ವಸ್ತುವಿನ ರೂಪ ಅದರ ಕೆಲಸದಿಂದ ಹುಟ್ಟಬೇಕು. ಅದನ್ನು ಬೋರ್ಡಿನ ಮೇಲೆ ಬರೆದು ಒಂಬತ್ತನೇ ಕ್ಲಾಸಿನವರಿಗೆ ವರ್ಷದ ಪ್ರಾಜೆಕ್ಟು ಕೊಟ್ಟೆ. ಮನೆಯಲ್ಲಿ ಯಾರಾದರೂ ಒಬ್ಬರನ್ನು ಆರಿಸಿಕೊಳ್ಳಿ, ಅವರ ಒಂದು ಕಷ್ಟ ನೋಡಿ, ಅದಕ್ಕೊಂದು ವಸ್ತು ಮಾಡಿ, ಅವರಿಂದಲೇ ಬಳಸಿಸಿ ನೋಡಿ ಅಂದೆ. ಮುಕ್ಕಾಲು ಕ್ಲಾಸು ಮೊಬೈಲ್ ಸ್ಟ್ಯಾಂಡ್ ಮಾಡುತ್ತೇವೆ ಅಂತ ಬರೆದುಕೊಟ್ಟಿತು. ಮೊಬೈಲ್ ಇಡಲು ಜಾಗವಿಲ್ಲದೆ ಇಡೀ ತಾಲ್ಲೂಕು ಒದ್ದಾಡುತ್ತಿದೆಯೇನೋ ಅನ್ನಬೇಕು. ನನ್ನ ಮಗಳು ಲಿಖಿತ ಮಾತ್ರ ಅಜ್ಜಿಯನ್ನು ಆರಿಸಿಕೊಂಡಳು. ಅವಳೂ ಅದೇ ಕ್ಲಾಸಿನಲ್ಲಿ ಓದುತ್ತಾಳೆ. ಮನೆಯಲ್ಲಿ ಅಮ್ಮ, ಶಾಲೆಯಲ್ಲಿ ಮಿಸ್, ಎರಡೂ ಕಡೆ ಬೈಗುಳ ನನ್ನವೇ.

ಅಜ್ಜಿ ಅಂದರೆ ನನ್ನ ಅತ್ತೆ, ಆದಿಲಕ್ಷ್ಮಮ್ಮ. ನಮ್ಮ ಮನೆ ಕೆಜಿಎಫ್ ಹತ್ತಿರದ ಕೋರಮಂಡಲ್ ಸ್ಟೇಷನ್ನಿನ ಆಚೆಗಿನ ಹಳ್ಳಿಯಲ್ಲಿದೆ. ಒಂದಿಷ್ಟು ರಾಗಿ ಹೊಲ, ಹಿಂದೆ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಚುಕ್ಕಿ ಎಂಬ ಸೀಮೆಹಸು ಮತ್ತು ಅವಳ ಕರು. ಚುಕ್ಕಿಯ ತಾಯಿ, ಆ ತಾಯಿಯ ತಾಯಿ, ಎಲ್ಲರ ಹಾಲೂ ಕರೆದ ಕೈ ಅತ್ತೆಯದು. ಕುಕ್ಕರುಗಾಲಲ್ಲಿ ಕೂತು, ಬಕೆಟ್ಟನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಹಣೆಯನ್ನು ಹಸುವಿನ ಪಕ್ಕೆಗೆ ಆನಿಸಿ, ತೆಲುಗೋ ಕನ್ನಡವೋ ಗೊತ್ತಾಗದ ಏನನ್ನೋ ಗೊಣಗುತ್ತಾ ಕರೆಯುತ್ತಾರೆ. ಆಗಲೇ ಚುಕ್ಕಿ ಹಾಲು ಇಳಿಸುವುದು. ಪಕ್ಕದ ಮನೆಯ ಚಿಕ್ಕವೆಂಕಟಮ್ಮ ಒಂದು ದಿನ ಕರೆಯಲು ಹೋಗಿ ಒದೆ ತಿಂದು ಬಂದಿದ್ದಾಳೆ.

ನಾನು? ನಾನು ಗದಗದಿಂದ ಬಂದ ಫ್ಯಾಕ್ಟರಿ ನೌಕರನ ಮಗಳು. ಕೆಜಿಎಫ್‌ನ ಕ್ವಾರ್ಟರ್ಸಿನಲ್ಲಿ, ಹಾಲು ಅಂದರೆ ಪ್ಯಾಕೆಟ್ಟು ಅಂತ ತಿಳಿದು ಬೆಳೆದವಳು. ಮದುವೆಯಾದ ಹೊಸತರಲ್ಲಿ ಒಂದು ಸಲ ಕರೆಯಲು ಕೂತೆ. ಕುಕ್ಕರುಗಾಲಲ್ಲಿ ಕೂರಲು ಬಾರದೆ ಬಕೆಟ್ ಸಮೇತ ಸಗಣಿಯಲ್ಲಿ ಉರುಳಿದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಬಕೆಟ್ ಕಸಿದುಕೊಂಡು ಕಳಿಸಿದರು. ಆವತ್ತಿನಿಂದ ಶಾಲೆ ನನ್ನದು, ಕೊಟ್ಟಿಗೆ ಅವರದು. ಆವತ್ತಿನಿಂದಲೇ ನಾನು ಅವರ ಬಾಯಲ್ಲಿ ಟೀಚರಮ್ಮ.

ಈಗ ಅತ್ತೆಯ ಮಂಡಿಗಳು ಸೋತಿದ್ದವು. ಕೂತರೆ ಏಳಲಾಗದು, ಗೋಡೆ ಹಿಡಿದು, ಸೆರಗು ಕಚ್ಚಿಕೊಂಡು ಏಳಬೇಕು. ಇನ್ನು ಕುಕ್ಕರುಗಾಲಲ್ಲಿ ಕೂತರೆ ನಡೆಯುವುದೂ ನಿಂತುಹೋಗುತ್ತದೆ, ಕುರ್ಚಿಗಿಂತ ಕೆಳಗೆ ಕೂರಲೇಬೇಡಿ ಅಂದರು ಡಾಕ್ಟರು. ನನ್ನ ಗಂಡ ಗೋಪಿ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸದವರು, ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿ ಇರುವುದೇ ಅಪರೂಪ. ಕರೆಯುವ ಮಿಷಿನ್ನು ತರೋಣ ಅಂದರೆ ಒಂದು ಹಸುವಿಗೆ ಯಾರು ತರುತ್ತಾರೆ, ಅದರ ಮೇಲೆ ಬೆಳಗಿನ ಹೊತ್ತು ಕರೆಂಟೇ ಇರುವುದಿಲ್ಲ. ಕೊನೆಗೆ ಗೋಪಿ ಒಂದು ತೀರ್ಮಾನಕ್ಕೆ ಬಂದರು. ದೀಪಾವಳಿ ಕಳೆದ ಮೇಲೆ ಚುಕ್ಕಿಯನ್ನು ಅಕ್ಕ ಅನಸೂಯಮ್ಮನ ಮನೆಗೆ ಕಳಿಸುವುದು. ಅವರದು ಆಂಧ್ರದ ಗಡಿಯ ಊರು, ಮನೆ ತುಂಬ ಜನ, ಹಸು ಸುಖವಾಗಿರುತ್ತದೆ.

ಅತ್ತೆ ಬೇಡ ಅನ್ನಲಿಲ್ಲ. ಮಗ ಹೇಳಿದ್ದು ತಮ್ಮ ಕಾಲಿಗಾಗಿಯೇ ಅಂತ ಅವರಿಗೆ ಗೊತ್ತಿತ್ತು. ಆದರೆ ಆವತ್ತಿನಿಂದ ಊಟದ ತಟ್ಟೆಯಲ್ಲಿ ಮುದ್ದೆ ಅರ್ಧಕ್ಕರ್ಧ ಉಳಿಯತೊಡಗಿತು. ಅದನ್ನು ಲಿಖಿತ ನೋಡಿದಳು. ಅದಕ್ಕೇ ಅವಳ ಪ್ರಾಜೆಕ್ಟು ಹಾಲು ಕರೆಯುವ ಸ್ಟೂಲು.

ಅಳತೆ ತೆಗೆದಳು. ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿ ಮಂಡಿಯಿಂದ ಹಿಮ್ಮಡಿವರೆಗೆ, ಸೊಂಟದ ಅಗಲ, ಕೈಯ ಉದ್ದ, ಟೇಪು ಹಿಡಿದು ದರ್ಜಿಯ ಹಾಗೆ ಸುತ್ತಿದಳು. ಯಾವ ಮರ ಅಂತ ದಿನಗಟ್ಟಲೆ ಯೋಚಿಸಿದಳು. ಪ್ಲೈವುಡ್ ಗಂಜಲಕ್ಕೆ ಪದರಪದರ ಬಿಡುತ್ತದೆ, ಕಬ್ಬಿಣ ತುಕ್ಕು, ಪ್ಲಾಸ್ಟಿಕ್ ಒದ್ದೆ ನೆಲದಲ್ಲಿ ಜಾರುತ್ತದೆ. ಕೊನೆಗೆ ಹಳೆಯ ಕಿಟಕಿಯ ಚೌಕಟ್ಟಿನ ಬೇವಿನ ಮರವನ್ನೇ ಕೊಯ್ದು, ಮೊಳೆ ಇಲ್ಲದೆ ಜೋಡಿಸಿ, ಕೊಟ್ಟಿಗೆಯ ನೆಲ ಏರುಪೇರು ಅಂತ ಮೂರೇ ಕಾಲು ಕೊಟ್ಟಳು. ಕೂರುವ ಹಲಗೆಯನ್ನು ಒಂಚೂರು ಕುಳಿ ಬರುವಂತೆ ಕೆತ್ತಿ, ಮರಳು ಕಾಗದದಲ್ಲಿ ಉಜ್ಜಿ ಉಜ್ಜಿ ಕೆನ್ನೆಯಷ್ಟು ನುಣುಪು ಮಾಡಿದಳು. ಟೀಚರಾಗಿ ನಾನು ಮಾತಾಡಬಾರದು, ಅಮ್ಮನಾಗಿ ಹೊಗಳಬಾರದು. ಎರಡನ್ನೂ ನುಂಗಿಕೊಂಡು ವರ್ಕ್‌ಷಾಪಿನ ಇನ್ನೊಂದು ಮೂಲೆಯಲ್ಲಿ ಮೊಬೈಲ್ ಸ್ಟ್ಯಾಂಡುಗಳಿಗೆ ಮೂಗು ಮುರಿಯುತ್ತಾ ನಿಂತಿದ್ದೆ.

ಸ್ಟೂಲು ಮನೆಗೆ ಬಂತು. ಅತ್ತೆ ಅದರ ಮೇಲೆ ಕೂತರು, ಫೋಟೋ ತೆಗೆಸಿಕೊಂಡರು, ಬೋ ಸಂದಾಗೈತೆ ಅಂದರು. ದಿನಾ ಸಂಜೆ ಲಿಖಿತ ಕೇಳುತ್ತಿದ್ದಳು, ಮಂಡಿ ನೋವು ಕಡಿಮೆಯಾ ಅಂತ. ಅತ್ತೆ ದಿನಾ ತಲೆಯಾಡಿಸುತ್ತಿದ್ದರು. ಅವಳು ಅದನ್ನೇ ವರದಿಯಲ್ಲಿ ಬರೆದುಕೊಂಡಳು.

ಒಂದು ಭಾನುವಾರ ಬೆಳಿಗ್ಗೆ ಲಿಖಿತ ಮತ್ತು ನಾನು ಕೊಟ್ಟಿಗೆಗೆ ಹೋದೆವು. ಕರುವಿನ ಜೊತೆ ಒಂದು ಫೋಟೋ ಬೇಕಿತ್ತು ಅವಳಿಗೆ. ಸ್ಟೂಲನ್ನು ಹಳೇ ಸೀರೆಯಲ್ಲಿ ಸುತ್ತಿ ಗೂಟಕ್ಕೆ ನೇತುಹಾಕಿತ್ತು. ಅತ್ತೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಕರೆಯುತ್ತಿದ್ದರು. ನಮ್ಮನ್ನು ನೋಡಿ ಕಳ್ಳರ ಹಾಗೆ ಬೆಚ್ಚಿದರು, ಏಳಲು ಹೋದರು, ಆಗಲಿಲ್ಲ. ನಾನು ಒಂದು ತೋಳು ಹಿಡಿದೆ, ಲಿಖಿತ ಇನ್ನೊಂದು. ಎತ್ತಿ ನಿಲ್ಲಿಸಿದ ಮೇಲೆ ಅವಳು ಕೇಳಿದಳು, ಸುಳ್ಳು ಯಾಕೆ ಹೇಳಿದೆ ಅಂತ.

"ನಿನ್ನ ಸ್ಟೂಲು ಸಂದಾಗೈತೆ ಕಣ್ ಮಗ, ಅದರದೇನೂ ತಪ್ಪಿಲ್ಲ," ಅಂದರು ಅತ್ತೆ. "ಅದ್ರ ಮ್ಯಾಲೆ ಕೂತ್ರೆ ನನ್ನ ಅಣೆ ಅವಳಿಗೆ ಸಿಗಾಕಿಲ್ಲ. ಅಣೆ ಸಿಗ್ದಿದ್ರೆ ಆಲು ಇಳಿಸಾಕಿಲ್ಲ. ನಾನೇನ್ ಮಾಡ್ಲಿ?"

ಸ್ಟೂಲನ್ನು ಗೂಟದಿಂದ ಇಳಿಸಿ ಹಾಕಿ, ಅತ್ತೆಯನ್ನು ಅಲ್ಲೇ ಕೂರಿಸಿ ನೋಡಿದೆವು. ಹೌದು. ಮಂಡಿಗೆ ಸರಿಯಾದ ಎತ್ತರದಲ್ಲಿ ಕೂತರೆ ಅತ್ತೆಯ ತಲೆ ಚುಕ್ಕಿಯ ಬೆನ್ನಿನ ಹತ್ತಿರ ಹೋಗುತ್ತಿತ್ತು. ಮೊಣಕಾಲ ನಡುವೆ ಬಕೆಟ್ ಇಟ್ಟರೆ ಕೆಚ್ಚಲಿಗೇ ತಾಗುತ್ತಿತ್ತು, ಕೆಳಗಿಟ್ಟರೆ ಬಗ್ಗಿ ಬಗ್ಗಿ ಸೊಂಟ ಹೋಗುತ್ತಿತ್ತು. ಅಜ್ಜಿಯನ್ನು ನಖಶಿಖಾಂತ ಅಳೆದವಳು ಹಸುವನ್ನು ಒಂದು ಸಲವೂ ಅಳೆದಿರಲಿಲ್ಲ. ಅವಳ ಟೀಚರಿಗೂ ಅದು ಹೊಳೆದಿರಲಿಲ್ಲ ಬಿಡಿ. ಬಳಸುವವರು ಯಾರು ಅಂತ ಪುಸ್ತಕದಲ್ಲಿ ಕೇಳಿದರೆ ನಾವೆಲ್ಲ ಮನುಷ್ಯರ ಹೆಸರೇ ಬರೆಯುವುದು.

ಮುಂದಿನ ವಾರವೆಲ್ಲ ಮನೆಯಲ್ಲಿ ಗರಗಸದ ಸದ್ದು. ಸ್ಟೂಲಿನ ಕಾಲುಗಳನ್ನು ಒಂದಿಷ್ಟು ಕೊಯ್ದಳು. ಮಂಡಿ ನೋಯಿತು, ಹಣೆಯೂ ತಾಗಲಿಲ್ಲ. ಇನ್ನೊಂದಿಷ್ಟು ಕೊಯ್ದಳು, ಹಣೆ ತಾಗಿತು, ಅತ್ತೆಗೆ ಏಳಲಾಗಲಿಲ್ಲ. ನಡುವೆ ಇಬ್ಬರಿಗೂ ಒಪ್ಪುವ ಎತ್ತರವೇ ಇರಲಿಲ್ಲ. ಅಷ್ಟು ಚಂದದ ಸ್ಟೂಲು ಈಗ ಕುಳ್ಳಗೆ, ಯಾರಿಗೂ ಬೇಡವಾಗಿ ನಿಂತಿತ್ತು. ನಾನು ಪುಸ್ತಕದ ಬುದ್ಧಿ ಓಡಿಸಿ, ಎತ್ತರ ಹೆಚ್ಚುಕಡಿಮೆ ಮಾಡುವ ಸ್ಕ್ರೂ ಹಾಕು, ಬೌಹೌಸ್ ಕುರ್ಚಿಯ ಹಾಗೆ ಬಗ್ಗಿದ ಕಾಲು ಮಾಡು ಅಂತ ಹೇಳಹೋದೆ. ನಿಮ್ಮ ಜರ್ಮನಿಯವರು ಹಸು ಕರೆದಿದ್ದಾರಾ ಅಂತ ಕೇಳಿದಳು. ನನಗೆ ಕೋಪ ಬಂತು, ಎರಡು ದಿನ ಮಾತು ಬಿಟ್ಟೆವು. ದೀಪಾವಳಿ ಹತ್ತಿರ ಬರುತ್ತಿತ್ತು. ಅನಸೂಯಮ್ಮ ಫೋನು ಮಾಡಿ, ಹಸುವಿಗೆ ಜಾಗ ಮಾಡಿಟ್ಟಿದ್ದೀವಿ ಅಂದರು.

ಶಾಲೆಗೆ ಹೋಗಿಬರುವುದು ನಾವಿಬ್ಬರೂ ರೈಲಿನಲ್ಲೇ. ಒಂದು ಸಂಜೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾತಿಲ್ಲದೆ ಕೂತಿದ್ದೆವು. ಪ್ಲಾಟ್‌ಫಾರಂ ಮುಗಿದು ಇಳಿಜಾರಾಗುವ ಕಡೆ ಒಬ್ಬ ಅಜ್ಜಿ ರೈಲು ಹತ್ತಲು ಒದ್ದಾಡುತ್ತಿದ್ದಳು. ಮೆಟ್ಟಿಲು ಅವಳ ಎದೆಯ ಮಟ್ಟಕ್ಕಿತ್ತು. ಮೇಲಿನಿಂದ ಇಬ್ಬರು ಎಳೆದರು, ಕೆಳಗಿನಿಂದ ಒಬ್ಬ ದಬ್ಬಿದ, ಆಗಲಿಲ್ಲ. ಆಮೇಲೆ ಯಾರೋ ಬುದ್ಧಿವಂತರು ಅವಳನ್ನು ನಾಲ್ಕು ಹೆಜ್ಜೆ ಮುಂದಕ್ಕೆ, ಪ್ಲಾಟ್‌ಫಾರಂ ಎತ್ತರ ಇರುವಲ್ಲಿಗೆ ನಡೆಸಿಕೊಂಡು ಬಂದರು. ಅಜ್ಜಿ ಮನೆಯ ಹೊಸಿಲು ದಾಟಿದಷ್ಟು ಸುಲಭವಾಗಿ ಹತ್ತಿದಳು.

ಲಿಖಿತ ನನ್ನ ತೋಳು ಹಿಡಿದಳು.

"ಅಮ್ಮ, ಸ್ಟೂಲು ಸರಿಯಾಗೇ ಇತ್ತು. ನೆಲಾನೇ ಸರಿಯಿಲ್ಲ. ಅಜ್ಜಿ ಯಾಕೆ ಕೆಳಗಿಳೀಬೇಕು? ಚುಕ್ಕೀನ ಮೇಲೆತ್ತೋಣ."

ನಾನು ಸ್ಟೇಷನ್ನಿನಲ್ಲೇ ನಗಲು ಶುರುಮಾಡಿದೆ. ಎಷ್ಟು ಚಳವಳಿ ಪಾಠ ಮಾಡಿದ್ದೇನೆ ನಾನು! ಕೂರುವವರನ್ನು ಬಿಟ್ಟು ಎದುರಿನವರನ್ನು ಎತ್ತರಿಸಿದ್ದು ಯಾವ ಕುರ್ಚಿಯ ಪಾಠದಲ್ಲೂ ಇರಲಿಲ್ಲ.

ಮನೆಯಲ್ಲಿ ಹೇಳಿದರೆ ಗೋಪಿ ಮಗಳನ್ನು ರೇಗಿಸಿದರು.

"ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ."

"ನಮ್ಮ ನೆಲ ನಿಜವಾಗ್ಲೂ ಡೊಂಕೇ ಅಪ್ಪ," ಅಂದಳು ಅವಳು, ಒಂಚೂರೂ ನಗದೆ.

ಗೋಪಿ ಹಾಗೆ ರೇಗಿಸಿದರೂ ಮಾರನೇ ದಿನ ಶಿಫ್ಟು ಮುಗಿಸಿ ಬಂದು ಕೊಟ್ಟಿಗೆಯಲ್ಲಿ ಟೇಪು ಹಿಡಿದು ನಿಂತಿದ್ದರು. ಅತ್ತೆಯ ಮಂಡಿಗೆ ಬೇಕಾದ ಎತ್ತರ, ಚುಕ್ಕಿಯ ಪಕ್ಕೆಯ ಎತ್ತರ, ಈ ಸಲ ಎರಡೂ ಅಳೆದರು. ಒಂದು ಅಡಿ ಏರಿಸಬೇಕಾಗಿತ್ತು. ಮರ ಹಸುವಿನ ಭಾರ ತಡೆಯದು, ಸಿಮೆಂಟು ಗೊರಸಿಗೆ ಜಾರುತ್ತದೆ. ಹಿತ್ತಿಲಲ್ಲಿ ಹಳೇ ಮನೆಯ ಗೋಡೆ ಬಿದ್ದು ಕಲ್ಲು ಚಪ್ಪಡಿಗಳು ರಾಶಿಯಾಗಿದ್ದವು, ಅವುಗಳಿಂದಲೇ ಚುಕ್ಕಿಗೊಂದು ಜಗಲಿ ಕಟ್ಟುವುದು ಅಂತಾಯಿತು. ಊರಿನ ಗಾರೆ ಕೆಲಸದ ಕೋದಂಡಪ್ಪ ಬಂದು ನೋಡಿ, ಹಸುವಿಗೆ ಸ್ಟೇಜು ಕಟ್ಟಿಸ್ತೀರಾ, ಭಾಷಣ ಮಾಡ್ತದಾ ಅಂತ ಒಂದು ಹೊತ್ತು ನಕ್ಕು, ಆಮೇಲೆ ಕೆಲಸ ಹಿಡಿದ. ಗಂಜಲ ಹರಿದುಹೋಗಲು ಒಂದು ಪಕ್ಕಕ್ಕೆ ಚೂರು ವಾಟ ಕೊಟ್ಟರು. ಗೊರಸು ಜಾರದಂತೆ ಚಪ್ಪಡಿಗೆ ಉಳಿಯಲ್ಲಿ ಕಚ್ಚು ಹಾಕಿದರು. ಹತ್ತಲು ಒಂದು ಕಡೆ ಇಳಿಜಾರು. ಲಿಖಿತ ಸ್ಟೂಲಿನ ಕಾಲು ಹೊಸದಾಗಿ ಮಾಡಿದಳು, ಮೊದಲಿನ ಎತ್ತರಕ್ಕೇ.

ಚುಕ್ಕಿ ಹತ್ತಲಿಲ್ಲ. ಮೂಸಿದಳು, ಹಿಂದೆ ಸರಿದಳು, ಬಾಲ ಎತ್ತಿ ಅಲ್ಲೇ ಸಗಣಿ ಹಾಕಿ ತನ್ನ ಅಭಿಪ್ರಾಯ ತಿಳಿಸಿದಳು. ಹಿಂಡಿ ತೋರಿಸಿದೆವು, ಬೆಲ್ಲ ತೋರಿಸಿದೆವು. ಕೊನೆಗೆ ಅತ್ತೆ ಕರುವನ್ನು ಬಿಚ್ಚಲು ಹೇಳಿದರು. ಕರು ಕುಣಿಯುತ್ತಾ ಹೋಗಿ ಜಗಲಿಯ ಮೇಲೆ ನಿಂತುಕೊಂಡಿತು. ತಾಯಿ ಒಂದು ಸಲ ಕೂಗಿ, ಎರಡು ಕಾಲು ಇಟ್ಟು, ಯೋಚಿಸಿ, ಮಿಕ್ಕ ಎರಡನ್ನೂ ಇಟ್ಟಳು.

ಅತ್ತೆ ಸ್ಟೂಲಿನ ಮೇಲೆ ಕೂತು ಬಕೆಟ್ ಸಿಕ್ಕಿಸಿಕೊಂಡರು. ತಲೆ ಮುಂದಕ್ಕೆ ಬಾಗಿಸಿದರು. ಹಣೆ ಸರಿಯಾಗಿ ಪಕ್ಕೆಗೆ ಹೋಗಿ ಕೂತಿತು. ಮೊದಲ ಹಾಲು ಬಕೆಟ್ಟಿನ ತಳಕ್ಕೆ ಬಡಿದ ಸದ್ದು ಬಂದಾಗ ಗೋಪಿ ಕೊಟ್ಟಿಗೆಯಿಂದ ಹೊರಗೆ ಹೋದರು. ಅವರು ಅಕ್ಕನಿಗೆ ಫೋನು ಮಾಡಿ, ಹಸು ಬರಲ್ಲಕ್ಕ, ಬೇಜಾರ್ ಮಾಡ್ಕೋಬೇಡ ಅನ್ನುವುದು ಕೇಳಿಸಿತು. ಆ ರಾತ್ರಿ ಅತ್ತೆ ಇನ್ನೊಂದು ಮುದ್ದೆ ಹಾಕಿಸಿಕೊಂಡರು. ನನಗೆ ಅಷ್ಟು ಸಂತೋಷ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಶಾಲೆಗೆ ಬಂದ ಹೊರಗಿನ ಪರೀಕ್ಷಕರು ಸ್ಟೂಲನ್ನು ತಿರುಗಿಸಿ ನೋಡಿ ಜೋಡಣೆ ಚೆನ್ನಾಗಿದೆ ಅಂದರು. ಜಗಲಿಯ ಫೋಟೋ ನೋಡಿ, ಇದು ಸಿವಿಲ್ ಕೆಲಸ, ನಮ್ಮ ವಿಷಯಕ್ಕೆ ಬರುವುದಿಲ್ಲ ಅಂದರು. ಮೊದಲ ಬಹುಮಾನ ಮೊಬೈಲ್ ಸ್ಟ್ಯಾಂಡಿಗೆ ಹೋಯಿತು. ನಾನು ಸಿಡುಕಿದೆ, ಲಿಖಿತ ಭುಜ ಹಾರಿಸಿದಳು. ಅವಳ ಪ್ರಾಜೆಕ್ಟು ದಿನಾ ಎರಡು ಹೊತ್ತು ಮನೆಯಲ್ಲಿ ಪಾಸಾಗುತ್ತಿತ್ತು.

ಕಥೆ ಇಲ್ಲಿಗೆ ಮುಗಿಯಿತು ಅಂತಲೇ ನಾನೂ ಅಂದುಕೊಂಡಿದ್ದೆ.

ಮಾರ್ಗಶಿರದ ಚಳಿಯಲ್ಲಿ ಅತ್ತೆಗೆ ಜ್ವರ ಬಂತು. ಮೈ ಕೆಂಡ, ತಲೆ ಎತ್ತಲಾಗದು. ಲಿಖಿತ ಶಾಲೆಯವರ ಜೊತೆ ಮೈಸೂರಿಗೆ ಪ್ರವಾಸ ಹೋಗಿದ್ದಳು. ಗೋಪಿ ಮೊದಲ ಶಿಫ್ಟಿಗೆ ಹೊರಟಾಗಿತ್ತು. ಬೆಳಕು ಹರಿದಂತೆ ಚುಕ್ಕಿ ಕೂಗತೊಡಗಿದಳು. ಕೆಚ್ಚಲು ಬಿಗಿದು ಬಿರಿಯುವಂತಿತ್ತು. ಚಿಕ್ಕವೆಂಕಟಮ್ಮನನ್ನು ಕರೆಯೋಣ ಅಂದುಕೊಂಡೆ, ಹಳೇ ಒದೆ ನೆನಪಾಗಿ ಬಿಟ್ಟೆ. ಬೇರೆ ದಾರಿ ಇರಲಿಲ್ಲ. ಬಕೆಟ್ ತೆಗೆದುಕೊಂಡು ನಾನೇ ಹೋದೆ.

ಚುಕ್ಕಿ ಅಭ್ಯಾಸದಂತೆ ತಾನೇ ಜಗಲಿ ಹತ್ತಿ ನಿಂತಿದ್ದಳು. ನಾನು ಸ್ಟೂಲಿನ ಮೇಲೆ ಕೂತೆ. ಸ್ಟಾಫ್ ರೂಮಿನ ಕುರ್ಚಿಯಲ್ಲಿ ಕೂತಷ್ಟೇ ಸಲೀಸು. ಬಕೆಟ್ಟೂ ಸರಿಯಾಗಿ ಕೂತಿತು. ಕೆಚ್ಚಲು ತೊಳೆದು, ಬೆರಳಿಗೆ ಎಣ್ಣೆ ಹಚ್ಚಿಕೊಂಡು, ಕರುವಿಗೆ ಒಂದು ಗುಟುಕು ಕುಡಿಸಿ, ನೋಡಿ ನೋಡಿ ಗೊತ್ತಿದ್ದಷ್ಟನ್ನೂ ಮಾಡಿದೆ. ಎಳೆದೆ. ಎರಡು ಹನಿ ಬಂತು, ನಿಂತಿತು. ಚುಕ್ಕಿ ಕತ್ತು ತಿರುಗಿಸಿ ಇವಳ್ಯಾರು ಅಂತ ನೋಡಿದಳು. ಒಂದು ಕಾಲು ಎತ್ತಿದಳು. ನನಗೆ ಭಯವಾಯಿತು, ಅಳುವೂ ಬಂತು.

"ಅಂಗಲ್ಲ ಟೀಚರಮ್ಮ."

ಅತ್ತೆ ಕಂಬಳಿ ಹೊದ್ದು ಕೊಟ್ಟಿಗೆಯ ಬಾಗಿಲಿಗೆ ಒರಗಿ ನಿಂತಿದ್ದರು. ಹೇಗೆ ಎದ್ದು ಬಂದರೋ.

"ಅಣೆ ಆನಿಸು. ಇನ್ನೊಸಿ ಕೆಳಕ್ಕೆ. ಆ... ಅಲ್ಲೇ. ಕೈ ಬಿಗಿ ಮಾಡ್ಬೇಡ, ಉಸಿರು ಬಿಡು. ನಿನಗೆ ಎದರಿಕೆ ಇಲ್ಲ ಅಂತ ಅವಳಿಗೆ ಗೊತ್ತಾಗ್ಬೇಕು."

ಹಣೆ ಆನಿಸಿದೆ. ಚುಕ್ಕಿಯ ಮೈ ಬೆಚ್ಚಗಿತ್ತು. ಒಳಗೆ ಏನೋ ಗುಡುಗುಡು ಅನ್ನುವುದು ಹಣೆಗೆ ತಿಳಿಯುತ್ತಿತ್ತು. ಅತ್ತೆಯ ಗೊಣಗು ನನಗೆ ಬರುವುದಿಲ್ಲ. ಬಾಯಿಗೆ ಬಂದ ಹಾಗೆ, ಬಾರವ್ವ, ನಮ್ಮವ್ವ, ಅಂತ ನಮ್ಮ ಗದಗದ ಮಾತಲ್ಲೇ ಹೇಳಿದೆ. ಎತ್ತಿದ ಕಾಲು ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಕೆಚ್ಚಲು ಕೈಯಲ್ಲಿ ಮೆತ್ತಗಾಯಿತು. ಆಮೇಲೆ ಹಾಲು ಬಂತು. ಬಿಟ್ಟು ಬಿಟ್ಟು, ಸೊಟ್ಟಸೊಟ್ಟ, ಅರ್ಧ ನನ್ನ ಸೀರೆಗೆ. ಆದರೂ ಬಂತು.

ನಾನು ನಗುತ್ತಾ ತಿರುಗಿ ನೋಡಿದೆ. ಅತ್ತೆಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ನನ್ನ ನಗು ಅಲ್ಲೇ ನಿಂತಿತು. ಇಷ್ಟೆಲ್ಲ ಕಟ್ಟಿದ್ದು ಅವರ ಜಾಗ ಅವರಿಗೇ ಉಳಿಯಲಿ ಅಂತ. ಈಗ ಆ ಜಾಗದಲ್ಲಿ ನಾನು ಕೂತಿದ್ದೆ. ಯಾರು ಬೇಕಾದರೂ ಕೂರುವ ಹಾಗೆ ಮಾಡಿಟ್ಟುಬಿಟ್ಟೆವಲ್ಲ ಅನ್ನಿಸಿತು. ನಾಳೆ ನಿಮಗೆ ವಾಸಿಯಾಗುತ್ತದೆ, ನಾಳೆಯಿಂದ ನೀವೇ ಕರೆಯಿರಿ ಅನ್ನುತ್ತಾ ಏಳಲು ಹೋದೆ.

"ಎದ್ದೇಳ್ಬೇಡ," ಅಂದರು ಅತ್ತೆ. "ನಾನು ಸತ್ತೋದ್ ಮ್ಯಾಲೆ ಇವಳ್ನ ಅನಸೂಯನ ಮನೆಗೆ ಅಟ್ತಾರೆ ಅಂತ ದಿನಾ ಅಂದ್ಕೊಂತಿದ್ದೆ ಕಣಮ್ಮ. ಕಲ್ಲು ಕಟ್ಟಿದ್ ಮ್ಯಾಲೂ ಅದೇ ಯೋಚ್ನೆ ಇತ್ತು. ಇವತ್ತು ಅದು ಓಯ್ತು."

ನಾನು ಮತ್ತೆ ಕೂತು, ಜ್ವರದಲ್ಲಿ ಚಳಿಗೆ ನಿಲ್ಲಬೇಡಿ, ಹೋಗಿ ಮಲಗಿ ಅಂತ ಗದರಿದೆ. ಅವರು ಹೋಗಲಿಲ್ಲ. ಜಗಲಿಯ ಹತ್ತಿರ ಬಂದು, ಬಕೆಟ್ ತುಂಬುವವರೆಗೂ ಚುಕ್ಕಿಯ ಬೆನ್ನು ಸವರುತ್ತಾ ನಿಂತಿದ್ದರು.